ಕಲಿತದ್ದು ಕೈಯಲ್ಲೇ ಹಳೆಯದಾದರೆ

ದಾವಣಗೆರೆ

ಚಿ. ಸುಮಾಳಿಗೆ ಅಜ್ಜನ ಆಶೀರ್ವಾದಗಳು.

ನಿನ್ನ ಕಾಗದ ಮೂರು ಸಲ ಓದಿದೆ. ಮನೆಯ ಸುದ್ದಿ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ಕೊನೆಗೆ ಬರೆದಿದ್ದೀಯಲ್ಲ, "ಅಜ್ಜ, ನಾನು ಕಲಿತದ್ದು ನನ್ನ ಕೈಯಲ್ಲೇ ಹಳೇದಾಗಿಬಿಟ್ಟರೆ?" ಅಂತ, ಆ ಒಂದು ಮಾತು ನನಗೆ ನಿದ್ದೆ ಕೊಡಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಏನೂ ಆಗಲ್ಲ ಬಿಡು ಅಂತಿದ್ದರೇನೋ. ಆ ಭಯ ನನ್ನ ಹೊಸ್ತಿಲು ದಾಟಿ ಬಂದು ಹೋಗಿದೆ, ನಾನು ಹಾಗನ್ನಲಾರೆ.

ನೀನು ಕಲಿತದ್ದು ಹೈಡ್ರೋಜನ್ನಿನಿಂದ ಕರೆಂಟು ಮಾಡುವ ಫ್ಯುಯೆಲ್ ಸೆಲ್ಲಿನ ಕೆಲಸ. ಷೆಲ್ ಕಂಪನಿ 2024ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾರುಗಳಿಗಿದ್ದ ತನ್ನ ಹೈಡ್ರೋಜನ್ ಬಂಕುಗಳನ್ನೆಲ್ಲ ಮುಚ್ಚಿತು, ಟೊಯೋಟಾದವರ ಹೈಡ್ರೋಜನ್ ಕಾರು ಮಿರಾಯ್ 2014ರಲ್ಲೇ ಬಂದರೂ ಜನ ಬ್ಯಾಟರಿ ಕಾರನ್ನೇ ಕೊಳ್ಳುತ್ತಿದ್ದಾರೆ ಅಂದಿದ್ದೀಯ. ನಿಜ. ಲೆಕ್ಕವೂ ನೀನೇ ಹೇಳಿಕೊಟ್ಟದ್ದು: ನೀರಿನಿಂದ ಒಂದು ಕಿಲೋ ಹೈಡ್ರೋಜನ್ ತೆಗೆಯಲು 50 ಯೂನಿಟ್ಟಿಗೂ ಮೇಲೆ ಕರೆಂಟು ಬೇಕು, ಆ ಕಿಲೋದೊಳಗೆ ಇರುವುದು 33 ಯೂನಿಟ್, ಸೆಲ್ಲಿನಿಂದ ಮತ್ತೆ ಕರೆಂಟಾಗಿ ಬರುವುದು ಅದರಲ್ಲೂ ಅರ್ಧದಷ್ಟು. ಊರೊಳಗೆ ಓಡಾಡುವ ಕಾರಿಗೆ ಇದು ಗಿಟ್ಟುವುದಿಲ್ಲ.

ನಾನು ಮಿಲ್ಲಿನಲ್ಲಿ ನೂಲು ತೆಗೆಯುವ ರಿಂಗ್ ಫ್ರೇಮಿನ ಮುಂದೆ ಹತ್ತೊಂಬತ್ತು ವರ್ಷ ನಿಂತವನು. ಎಳೆ ಹರಿದರೆ ಕಣ್ಣಿಗಿಂತ ಮೊದಲು ಬೆರಳು ಹೋಗುತ್ತಿತ್ತು. ತಿರುಗುವ ಸ್ಪಿಂಡಲನ್ನು ತಡೆದು, ಬಾಬಿನ್ನಿನಿಂದ ತುದಿ ಹುಡುಕಿ ತೆಗೆದು, ಮೇಲಿಂದ ಇಳಿಯುವ ಹತ್ತಿಗೆ ಮೆಲ್ಲಗೆ ತಾಗಿಸಿದರೆ ಗಂಟಿಲ್ಲದೆ ಕೂಡಿಕೊಳ್ಳುತ್ತಿತ್ತು. ಈಗಲೂ ಪಂಚೆಯ ಅಂಚಿನಲ್ಲಿ ಎಳೆ ಬಿಟ್ಟಿದ್ದರೆ ಕೈ ಸುಮ್ಮನಿರುವುದಿಲ್ಲ.

ಮಿಲ್ಲು ಮುಚ್ಚಿತು. ಅದು ನನ್ನ ತಪ್ಪಲ್ಲ. ಇವತ್ತು ತೆಗೀತಾರೆ, ನಾಳೆ ತೆಗೀತಾರೆ ಅಂತ ಎರಡು ವರ್ಷ ದಿನಾ ಸೈಕಲ್ ತುಳಿದು ಗೇಟಿನ ಮುಂದೆ ನಿಂತೆನಲ್ಲ, ಅದು ನನ್ನ ತಪ್ಪು. ನಮ್ಮಣ್ಣ ಮೋಟರ್ ವೈಂಡಿಂಗ್ ಅಂಗಡಿಗೆ ಬಾ ಅಂತ ಕರೆದ. ನೂಲಿನವನಿಗೆ ತಾಮ್ರದ ತಂತಿ ಯಾಕೆ ಅಂದುಬಿಟ್ಟೆ. ಅದೂ ಎಳೆಯೇ ಅಲ್ಲವೇನವ್ವಾ! ನಿನ್ನ ಅಜ್ಜಿ ಬಳೆ ಮಾರಿದ್ದು ಆ ಎರಡನೇ ವರ್ಷ. ಕಳೆದು ಹೋದವು ಅಂತಲೇ ನಿನ್ನ ಅಮ್ಮ ಇವತ್ತಿಗೂ ತಿಳಿದಿದ್ದಾಳೆ.

ಹಾಗಾಗಿ ನಿನ್ನ ಆ ಸಾಲಿಗೇ ಮತ್ತೆ ಬರುತ್ತೇನೆ. ಹಳೆಯದಾಗುವುದು ಕಾರೋ, ನಿನ್ನ ಕೈಯೋ? ಹೋದ ತಿಂಗಳು ಮದುವೆಗೆ ಚಿತ್ರದುರ್ಗಕ್ಕೆ ಹೋಗಿದ್ದೆ. ಗುಡ್ಡದ ಮೇಲೆ ಗಾಳಿ ಯಂತ್ರಗಳು ಸರಿರಾತ್ರಿಯಲ್ಲೂ ತಿರುಗುತ್ತಿದ್ದವು. ಜನ ಮಲಗಿದ ಮೇಲೆ ಮಿಕ್ಕುವ ಕರೆಂಟಿನಿಂದ ಹೈಡ್ರೋಜನ್ ಮಾಡಿಟ್ಟುಕೊಳ್ಳಬಹುದು ಅಂತಿದ್ದೆಯಲ್ಲ, ಅದು ನೆನಪಾಯಿತು. ಕೆಳಗೆ ಹೈವೇಯಲ್ಲಿ ಲಾರಿಗಳ ಸಾಲು. ದೂರದ ಲಾರಿಗೆ ಬ್ಯಾಟರಿಯ ತೂಕವೂ ಹೊರೆ, ಚಾರ್ಜಿಗೆ ನಿಲ್ಲುವ ಹೊತ್ತೂ ಹೊರೆ. ಅಲ್ಲಿ ನಿನ್ನ ಸೆಲ್ಲಿಗೆ ಜಾಗ ಸಿಕ್ಕೀತು ಅನ್ನಿಸಿತು. ಸರ್ಕಾರ 2023ರಲ್ಲಿ ಹಸಿರು ಹೈಡ್ರೋಜನ್ನಿಗೆ 19,744 ಕೋಟಿ ತೆಗೆದಿಟ್ಟಿದೆ, ದೆಹಲಿಯಲ್ಲಿ ಇಂಡಿಯನ್ ಆಯಿಲ್‌ನವರು ಹೈಡ್ರೋಜನ್ ಬಸ್ಸು ಓಡಿಸಿ ನೋಡಿದ್ದಾರೆ. ಆದರೆ ಅದನ್ನೇ ನಂಬಿ ಕೂರು ಅನ್ನಲಾರೆ. ಗ್ರೋವ್ ಅನ್ನುವವರು 1839ರಲ್ಲಿ ಕಂಡುಕೊಂಡ ಈ ಸೆಲ್ಲು ಚಂದ್ರನಿಗೆ ಹೋದ ಅಪೊಲೋ ನೌಕೆಯೊಳಗೆ ಕರೆಂಟೂ ಕುಡಿಯುವ ನೀರೂ ಕೊಡುವ ಹೊತ್ತಿಗೆ ನೂರು ವರ್ಷ ದಾಟಿತ್ತು. ವಿದ್ಯೆ ಅಷ್ಟು ಕಾಯಬಲ್ಲದು. ನೀನು ಕಾಯಬೇಡ.

ನೀರನ್ನು ಒಡೆಯುವ ಯಂತ್ರದಲ್ಲೂ ನಿನ್ನ ಸೆಲ್ಲಿನಂಥದೇ ಪೊರೆ ಇರುತ್ತದೆ ಅಂದಿದ್ದೆ. ಆ ಕೆಲಸವನ್ನೂ ಒಂದಿಷ್ಟು ಕೈಗೆ ಹತ್ತಿಸಿಕೊಳ್ಳಲು ಆಗುತ್ತದಾ? ಗಾರೆ ಕೆಲಸದವನಿಗೆ ಬಡಗಿ ಬುದ್ಧಿ ಹೇಳಿದ ಹಾಗಾಯಿತೋ ಏನೋ. ಪುಣೆಯಲ್ಲಿ ಮನೆ ಕೊಳ್ಳುವ ಸಾಲ ಮಾತ್ರ ಈ ವರ್ಷ ಮಾಡಬೇಡ, ತಪ್ಪಾಗಿ ಹೇಳಿದ್ದರೆ ಮನ್ನಿಸು. ಮತ್ತೆ, ಯಾರಾದರೂ ಬೇರೆ ಕೆಲಸಕ್ಕೆ ಕರೆದರೆ ಒಂದು ಸಲ ಹೋಗಿ ನೋಡಿಯಾದರೂ ಬಾ.

ಕಾಗದದ ತಲೆಯಲ್ಲಿ ರಾತ್ರಿ ಎರಡು ಗಂಟೆ ಅಂತ ಹಾಕಿದ್ದೀಯ. ಗೇಟಿನಿಂದ ಬಂದ ದಿನಗಳಲ್ಲಿ ನಾನೂ ಆ ಹೊತ್ತಿಗೆ ಎದ್ದು ಕೂತಿರುತ್ತಿದ್ದೆ, ಹೊಟ್ಟೆಗೇನೂ ಇಲ್ಲದೆ. ಅವತ್ತು ಊಟ ಮಾಡಿದ್ದೆಯೋ ಇಲ್ಲವೋ, ಮೊದಲು ಅದನ್ನು ಬರಿ.

ನಿನ್ನ ಅಜ್ಜ