ಸ್ಕಾಟ್ಲೆಂಡ್ ಯಾರ್ಡಿನ ಒಳಗಿದ್ದ ಶತ್ರುಗಳು

ಪ್ರೀತಿಯ ಗೆಳೆಯಾ,

ವಿಕ್ಟೋರಿಯಾ ರಾಣಿಯ ಕಾಲದ ಪತ್ತೇದಾರಿ ಕಥೆ ಅಂದರೆ ಮುಖ ತೋರಿಸದ ಬಲಾಢ್ಯ ಶತ್ರು ಇರಲೇಬೇಕು ಅನ್ನುತ್ತೀಯಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. 1877ರಲ್ಲಿ ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯದಲ್ಲಿ ನಡೆದ ಪತ್ತೇದಾರರ ವಿಚಾರಣೆಯ ಬಗ್ಗೆ ಓದಿದ ಮೇಲೆ ಕಾದಂಬರಿಯ ಖಳನಾಯಕರೆಲ್ಲ ನನಗೆ ಸಪ್ಪೆ ಅನ್ನಿಸುತ್ತಿದ್ದಾರೆ.

ಮೋಸಗಾರರು ಇಬ್ಬರು, ಹ್ಯಾರಿ ಬೆನ್ಸನ್ ಮತ್ತು ವಿಲಿಯಂ ಕರ್. ಮಾಂಟ್ಗೊಮೆರಿ ಅನ್ನುವವನು ಕುದುರೆ ಜೂಜಿನಲ್ಲಿ ಸೋಲುವುದೇ ಇಲ್ಲ, ಹಾಗಾಗಿ ಇಂಗ್ಲೆಂಡಿನ ಬುಕ್ಕಿಗಳು ಅವನ ಹಣ ಮುಟ್ಟುವುದಿಲ್ಲ, ನಿಮ್ಮ ಹೆಸರಿನಲ್ಲಿ ಕಟ್ಟಿಕೊಡಿ, ಪಾಲು ಕೊಡುತ್ತೇವೆ ಅಂತ ಫ್ರಾನ್ಸಿನ ಶ್ರೀಮಂತರಿಗೆ ಕಾಗದ ಬರೆದರು. ನಂಬಿಸಲಿಕ್ಕೆ ಒಂದು ಸುಳ್ಳು ಪತ್ರಿಕೆಯನ್ನೇ ಅಚ್ಚು ಹಾಕಿಸಿದರು! ಗೊಂಕೂರ್ ಎಂಬ ಕೌಂಟೆಸ್ ಸುಮಾರು 10,000 ಪೌಂಡ್ ಕಳೆದುಕೊಂಡಳು.

ಆದರೆ ಪೊಲೀಸರು ಹಿಡಿಯಲು ಹೋದಲ್ಲೆಲ್ಲ ಹಕ್ಕಿ ಆಗಲೇ ಹಾರಿರುತ್ತಿತ್ತು. ಸ್ಕಾಟ್ಲೆಂಡ್ ಯಾರ್ಡ್ ಅಂದರೆ ಲಂಡನ್ ಪೊಲೀಸರ ಕೇಂದ್ರ ಕಚೇರಿ; ಅಲ್ಲಿನ ಪತ್ತೇದಾರಿ ವಿಭಾಗದ ಮುಖ್ಯಸ್ಥ ಫ್ರೆಡರಿಕ್ ವಿಲಿಯಮ್ಸನ್ ಪ್ರಾಮಾಣಿಕ ಮನುಷ್ಯ. ಅವನು ಯಾರನ್ನು ನಂಬಿ ಕೆಲಸ ಒಪ್ಪಿಸುತ್ತಿದ್ದನೋ ಅವರಿಂದಲೇ ಸುದ್ದಿ ಸೋರುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಮೈಕಲ್‌ಜಾನ್ ಎಂಬ ಇನ್ಸ್‌ಪೆಕ್ಟರ್ ಹಲವು ವರ್ಷದಿಂದಲೇ ಕರ್‌ನ ಹಣ ತಿನ್ನುತ್ತಿದ್ದ. ನನಗೆ ಸಂಕಟವಾಗುವುದು ನಥಾನಿಯಲ್ ಡ್ರಸ್ಕೊವಿಚ್‌ನ ಬಗ್ಗೆ. ಹಲವು ಭಾಷೆ ಬಲ್ಲವನು, ಚಿಕ್ಕ ವಯಸ್ಸಿಗೇ ಚೀಫ್ ಇನ್ಸ್‌ಪೆಕ್ಟರ್ ಆದವನು. ಸೋದರನಿಗಾಗಿ ತಾನು ಸಹಿ ಹಾಕಿದ್ದ ಸಾಲಪತ್ರ ತೀರಿಸಲು ಅವನಿಗೆ 60 ಪೌಂಡ್ ಬೇಕಾಗಿತ್ತು. ಕರ್ ಕೊಟ್ಟ. ಅಷ್ಟೇ, ಮುಂದೆ ಅವನು ಕರ್ ಕರೆದಲ್ಲಿಗೆ ಹೋಗಬೇಕಾಯಿತು. ಬೆದರಿಕೆಯೂ ಬೇಕಾಗಲಿಲ್ಲ, ಕೊಲೆಯೂ ಬೇಕಾಗಲಿಲ್ಲ, ಯಾರ ಮನೆಯಲ್ಲಿ ಏನು ಕೊರತೆ ಅನ್ನುವುದು ಗೊತ್ತಿದ್ದರೆ ಸಾಕಾಗಿತ್ತು. ಈ ಜೋಡಿಯ ಬಲವೆಲ್ಲ ಅಲ್ಲಿತ್ತು ಅನ್ನುವುದು ನನ್ನ ಅಭಿಪ್ರಾಯ.

ಕೊನೆಗೆ ಬೆನ್ಸನ್ ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ ಸಿಕ್ಕಿಬಿದ್ದ. ಅಲ್ಲಿನ ಪೊಲೀಸರಿಗೆ ಸ್ಕಾಟ್ಲೆಂಡ್ ಯಾರ್ಡಿನ ಹೆಸರಿನಲ್ಲಿ ತಂತಿ ಬಂತು: ಹಿಡಿದವರು ನಮಗೆ ಬೇಕಾದವರಲ್ಲ, ಬಿಟ್ಟುಬಿಡಿ, ಕಾಗದ ಹಿಂದೆಯೇ ಬರುತ್ತದೆ. ಡಚ್ ಅಧಿಕಾರಿಗಳು ಆತುರಪಡಲಿಲ್ಲ, ಕಾಗದ ಬರಲಿ ಅಂತ ಕಾದರು. ಬರಲಿಲ್ಲ, ತಂತಿಯೇ ಸುಳ್ಳು. ಆ ಕಾಯುವಿಕೆ ಇಲ್ಲದಿದ್ದರೆ ಬೆನ್ಸನ್ ಮತ್ತೆ ಮಾಯವಾಗುತ್ತಿದ್ದ. ಇಡೀ ಪ್ರಕರಣದಲ್ಲಿ ನನಗೆ ಅತಿ ಇಷ್ಟವಾದವರು ಆ ಡಚ್ ಅಧಿಕಾರಿಗಳೇ.

ಬೆನ್ಸನ್‌ಗೆ 15 ವರ್ಷ, ಕರ್‌ಗೆ 10 ವರ್ಷ ಶಿಕ್ಷೆಯಾಯಿತು. ಜೈಲಿನಿಂದಲೇ ಇಬ್ಬರೂ ಬಾಯಿಬಿಟ್ಟರು. ಮೈಕಲ್‌ಜಾನ್, ಡ್ರಸ್ಕೊವಿಚ್, ಪಾಮರ್ ಎಂಬ ಇನ್ನೊಬ್ಬ ಪತ್ತೇದಾರ, ಜೊತೆಗೆ ಫ್ರಾಗಟ್ ಎಂಬ ವಕೀಲ, ನಾಲ್ವರಿಗೂ ಎರಡೆರಡು ವರ್ಷ ಕಠಿಣ ಶಿಕ್ಷೆ. 1842ರಲ್ಲಿ ಶುರುವಾಗಿದ್ದ ಆ ವಿಭಾಗವನ್ನೇ ಕಿತ್ತು ಕಟ್ಟಬೇಕಾಯಿತು. 1878ರಲ್ಲಿ ಹೋವರ್ಡ್ ವಿನ್ಸೆಂಟ್‌ನ ಕೈಕೆಳಗೆ ಸಿಐಡಿ ಹುಟ್ಟಿದ್ದು ಹೀಗೆ.

ಚೀಫ್ ಇನ್ಸ್‌ಪೆಕ್ಟರ್ ಜಾರ್ಜ್ ಕ್ಲಾರ್ಕ್ ಮಾತ್ರ ಖುಲಾಸೆಯಾದ. ಬೆನ್ಸನ್ ಐಲ್ ಆಫ್ ವೈಟ್ ದ್ವೀಪದಲ್ಲಿ ಸಿರಿವಂತನ ವೇಷದಲ್ಲಿದ್ದಾಗ ಕ್ಲಾರ್ಕ್ ಅವನ ಮನೆಗೆ ಹೋಗಿದ್ದ, ಕಾಗದವನ್ನೂ ಬರೆದಿದ್ದ. ಸುದ್ದಿ ಸಂಗ್ರಹಿಸಲು ಹೋದ ಹಳೆಯ ಪೊಲೀಸ್ ಬಲೆಗೆ ಬಿದ್ದ ಅಂತ ನನಗನ್ನಿಸುತ್ತದೆ. ವಿಚಾರಣೆಯ ವರದಿ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಕ್ಲಾರ್ಕ್‌ನ ಭಾಗ ಓದು, ತಪ್ಪಿತಸ್ಥನೋ ಅಲ್ಲವೋ ನೀನೇ ತೀರ್ಮಾನಿಸಿ ಬರೆ. ಕಾಯುತ್ತಿರುತ್ತೇನೆ.

ನಿನ್ನ ಗೆಳೆಯ