ದೇವರಾಯನದುರ್ಗಕ್ಕೆ ಹೊರಡುವ ಮುಂಚೆ ಆಯಿಲ್ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ತುಮಕೂರಿನಿಂದ ದುರ್ಗದ ಏರು ಹತ್ತುವ ಮುಂಚೆ ಇಂಜಿನ್ ಆಯಿಲ್ ಕಡೆ ಸ್ವಲ್ಪ ಗಮನ ಕೊಡಿ. ಹೊಸ ಕಾರಿಗೆ ಹಾಕುವ ತೆಳ್ಳನೆಯ 0ಡಬ್ಲ್ಯೂ-20 ನಮ್ಮ ಹಳೇ ಗಾಡಿಗಳಿಗೆ ಬೇಡವೇ ಬೇಡ. ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಯಂಥ 1960ರ ದಶಕದ ಗಾಡಿಯ ಇಂಜಿನ್‌ಗೆ ದಪ್ಪನೆಯ 20ಡಬ್ಲ್ಯೂ-50 ಮಿನರಲ್ ಆಯಿಲ್ ಸರಿ. ಸುಮ್ನೆ ಜಾಸ್ತಿ ದುಡ್ಡು ಕೊಟ್ಟು ಸಿಂಥೆಟಿಕ್ ತರಬೇಕಿಲ್ಲ.

ಮುಖ್ಯವಾದದ್ದು ಜಿಂಕ್, ಅಂದರೆ ಸವೆತ ತಡೆಯಲು ಆಯಿಲ್‌ಗೆ ಬೆರೆಸುವ ಸತುವಿನ ಅಂಶ. ಈ ಇಂಜಿನ್‌ಗಳಲ್ಲಿ ವಾಲ್ವ್ ತೆರೆಸಲು ತಿರುಗುವ ಕ್ಯಾಮ್ ಮತ್ತು ಅದು ತಳ್ಳುವ ಟ್ಯಾಪೆಟ್ ಒಂದಕ್ಕೊಂದು ಉಜ್ಜಿಕೊಂಡೇ ಓಡುತ್ತವೆ. ಜಿಂಕ್ ಸಾಲದಿದ್ದರೆ ಕ್ಯಾಮ್ ಸವೆದುಹೋಗುತ್ತದೆ, ನಮಗೆ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಾರದೆಂದು ಹೊಸ ತೆಳು ಆಯಿಲ್‌ಗಳಲ್ಲಿ ಇದನ್ನು ಕಡಿಮೆ ಮಾಡಿದ್ದಾರೆ. ನಮ್ಮ ಗಾಡಿಗಳಲ್ಲಿ ಕನ್ವರ್ಟರೇ ಇಲ್ಲ ಅಲ್ವಾ? ಕಂಪನಿಯ ಡೇಟಾ ಶೀಟ್‌ನಲ್ಲಿ ಜಿಂಕ್ ಸುಮಾರು 1,000ದಿಂದ 1,200 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಅಷ್ಟು ಪಾಲು) ಇದ್ದರೆ ನೆಮ್ಮದಿ.

ಅನುಮಾನವಿದ್ದವರು ಶನಿವಾರದೊಳಗೆ ಡಬ್ಬದ ಫೋಟೋ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.