ಸಂಭ್ರಮ ಶನಿವಾರಕ್ಕೆ ಒಂದು ಕಟ್ಟಿಗೆಯ ಹಾಯಿಹಡಗು

ಮಾನ್ಯ ಸಂಪಾದಕರೇ,

ಶಾಲೆಗಳಲ್ಲಿ ತಿಂಗಳಿಗೊಂದು ಶನಿವಾರ ಮಕ್ಕಳು ಪುಸ್ತಕದ ಚೀಲವಿಲ್ಲದೆ ಬರುವ ‘ಸಂಭ್ರಮ ಶನಿವಾರ’ವನ್ನು ಹೇಗೆ ಬಳಸಿಕೊಳ್ಳಬೇಕೆಂಬ ಮಾತು ನಮ್ಮ ಹುಬ್ಬಳ್ಳಿ-ಧಾರವಾಡದ ಪಾಲಕರ ಹಾಗೂ ಶಿಕ್ಷಕರ ನಡುವೆ ಆಗಾಗ ಬರುತ್ತದೆ. ಹಾಡು, ರಂಗೋಲಿ, ರಸಪ್ರಶ್ನೆ ಎಲ್ಲವೂ ಇರಲಿ. ಅವುಗಳ ಜೊತೆಗೆ ಪ್ರತಿ ಶಾಲೆಯೂ ಒಂದು ವರ್ಷದಲ್ಲಿ ಕಟ್ಟಿಗೆಯ ಹಾಯಿಹಡಗಿನ ಒಂದು ಮಾದರಿಯನ್ನು, ಕಿಟ್‌ನ ಬಿಡಿಭಾಗಗಳಿಂದ ತೊಡಗಿ ಹಾಯಿ ಏರಿಸುವವರೆಗೆ, ಮಕ್ಕಳ ಕೈಯಿಂದಲೇ ಕಟ್ಟಿಸಬೇಕೆಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ. ಐಟಿಐಯಲ್ಲಿ ಬಡಿಗತನ ಕಲಿಸಿ ನಿವೃತ್ತನಾದ ಮೇಲೆ ನಾನು ಎರಡು ಕೂವೆಗಳ, ಎಂದರೆ ಹಾಯಿ ಕಟ್ಟುವ ಕಂಬಗಳ, ಸ್ಕೂನರ್ ಹಡಗಿನ ಮಾದರಿಯೊಂದನ್ನು ಕಿಟ್‌ನಿಂದ ಕಟ್ಟಿದೆ. ಬಾಗಿಲು, ಕಿಟಕಿ, ಕಪಾಟುಗಳಲ್ಲಿ ಪಳಗಿದ ಕೈಗೂ ಅದು ಹೊಸ ಕೆಲಸವೇ ಆಗಿತ್ತು. ಮನೆಯ ಮರಗೆಲಸದಲ್ಲಿ ಮೂಲೆಮಟ್ಟ ಇಟ್ಟು ನೋಡಿದರೆ ಸರಿ-ತಪ್ಪು ತಿಳಿಯುತ್ತದೆ. ಹಡಗಿನ ಒಡಲಲ್ಲಿ ಮೂಲೆಮಟ್ಟ ಇಡಲು ಜಾಗವೇ ಇಲ್ಲ, ಎಲ್ಲವೂ ಬಾಗಿದ ಗೆರೆ.

ಕಿಟ್ ಎಂದೊಡನೆ ಪ್ಲಾಸ್ಟಿಕ್ ತುಂಡುಗಳನ್ನು ಒತ್ತಿ ಕೂಡಿಸುವ ಆಟಿಕೆ ಎಂದು ತಿಳಿಯಬಾರದು. ಸ್ಪೇನ್‌ನ ಆರ್ಟೆಸಾನಿಯಾ ಲ್ಯಾಟಿನಾ, ಡೆನ್ಮಾರ್ಕ್‌ನ ಬಿಲ್ಲಿಂಗ್ ಬೋಟ್ಸ್, ಅಮೆರಿಕದ ಮಾಡೆಲ್ ಶಿಪ್‌ವೇಸ್‌ನಂಥ ಕಂಪನಿಗಳ ಪೆಟ್ಟಿಗೆ ತೆರೆದರೆ ಅದರಲ್ಲಿ ಸಿದ್ಧ ಹಡಗಿನ ಯಾವ ಗುರುತೂ ಇರುವುದಿಲ್ಲ. ಪ್ಲೈವುಡ್ಡಿನಲ್ಲಿ ಕತ್ತರಿಸಿದ ಒಂದು ಬೆನ್ನೆಲುಬಿನ ಹಲಗೆ, ಅದರ ಕಚ್ಚುಗಳಲ್ಲಿ ಅಡ್ಡಲಾಗಿ ಕೂರುವ ಚೌಕಟ್ಟುಗಳು, ಒಂದೆರಡು ಮಿಲಿಮೀಟರ್ ದಪ್ಪದ ಉದ್ದನೆಯ ಪಟ್ಟಿಗಳು, ಕೂವೆಗೆಂದು ದುಂಡು ಕಡ್ಡಿಗಳು, ದಾರ, ಕೆಲವೇ ಮಿಲಿಮೀಟರ್ ಗಾತ್ರದ ರಾಟೆಗಳು, ಜೊತೆಗೊಂದು ನಕ್ಷೆ: ಇಷ್ಟೇ. ಉಳಿದುದೆಲ್ಲ ಕಟ್ಟುವವರ ಕೆಲಸ. ಶಾಲೆಗೆ ಇದು ತಕ್ಕದ್ದೆಂದು ನಾನು ಹೇಳುವುದು ಈ ಕಾರಣಕ್ಕೇ.

ಒಡಲು ಕಟ್ಟುವ ಹಂತವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಮೊದಲ ಹಡಗಿನ ಗುಣ ಅಲ್ಲಿಯೇ ತೀರ್ಮಾನವಾಗುತ್ತದೆ. ಚೌಕಟ್ಟುಗಳನ್ನು ಬೆನ್ನೆಲುಬಿಗೆ ಅಂಟಿಸಿದ ಕೂಡಲೇ ಪಟ್ಟಿ ಹಚ್ಚಲು ಬರುವುದಿಲ್ಲ. ಲೇಸರ್ ಕತ್ತರಿಸಿದ ಅಂಚು ನೇರವಾಗಿರುತ್ತದೆ, ಹಡಗಿನ ಮೈ ಮಾತ್ರ ಮುಂದಕ್ಕೂ ಹಿಂದಕ್ಕೂ ಓರೆಯಾಗಿ ಸಾಗುತ್ತದೆ. ಆದ್ದರಿಂದ ಪ್ರತಿ ಚೌಕಟ್ಟಿನ ಅಂಚನ್ನು ಆ ಓರೆಗೆ ಹೊಂದುವಂತೆ ಪಾಲಿಶ್ ಕಾಗದದಿಂದ ಉಜ್ಜಬೇಕು. ಸರಿಯಾಯಿತೇ ಎಂದು ನೋಡಲು ಒಂದು ತೆಳು ಪಟ್ಟಿಯನ್ನು ಮೂತಿಯಿಂದ ಹಿಂಬದಿಯವರೆಗೆ ಚೌಕಟ್ಟುಗಳ ಮೇಲೆ ಬಾಗಿಸಿ ಹಿಡಿದು, ಹಿಂದೆ ದೀಪವಿಟ್ಟು ಕಣ್ಣಾಡಿಸಬೇಕು. ಪಟ್ಟಿಗೂ ಚೌಕಟ್ಟಿಗೂ ನಡುವೆ ಬೆಳಕು ಇಣುಕಿದರೆ ಅಲ್ಲಿ ಚೂರು ಮರ ಅಂಟಿಸಿ ಎತ್ತರಿಸಬೇಕು ಅಥವಾ ಪಕ್ಕದ ಚೌಕಟ್ಟನ್ನು ತಗ್ಗಿಸಬೇಕು. ಈ ಪರೀಕ್ಷೆಯನ್ನು ಎಂಟನೇ ತರಗತಿಯ ಹುಡುಗಿಯೂ ಮಾಡಬಲ್ಲಳು. ಅದಕ್ಕೆ ಬೇಕಾದುದು ದುಬಾರಿ ಉಪಕರಣವಲ್ಲ, ಮತ್ತೆ ಮತ್ತೆ ನೋಡುವ ತಾಳ್ಮೆ.

ಆಮೇಲೆ ಪಟ್ಟಿಗಳ ಲೆಕ್ಕ. ಕಲ್ಲಂಗಡಿಯ ಮೈಯನ್ನು ಒಂದೇ ಅಗಲದ ಪಟ್ಟಿಗಳಿಂದ ಮುಚ್ಚಲಾಗದು. ನಡುವೆ ಸರಿಹೋದರೆ ತುದಿಯಲ್ಲಿ ಒಂದರ ಮೇಲೊಂದು ಏರುತ್ತವೆ. ಹಡಗಿನ ಮೂತಿಯಲ್ಲೂ ಆಗುವುದು ಅದೇ. ನಡುವಿನ ಚೌಕಟ್ಟಿನ ಸುತ್ತಳತೆಯನ್ನು ಕಾಗದದ ಪಟ್ಟಿಯಿಂದ ತೆಗೆದು, ಅದರಲ್ಲಿ ಎಷ್ಟು ಹಲಗೆ ಹಿಡಿಸುತ್ತದೆಂದು ಎಣಿಸಿ, ಅಷ್ಟೇ ಸಂಖ್ಯೆಯಿಂದ ಮೂತಿಯ ಚೌಕಟ್ಟಿನ ಅಳತೆಯನ್ನು ಭಾಗಿಸಿದರೆ ಅಲ್ಲಿ ಪ್ರತಿ ಪಟ್ಟಿಯ ಅಗಲ ಎಷ್ಟಿರಬೇಕೆಂಬುದು ಸಿಗುತ್ತದೆ. ಆ ಅಗಲಕ್ಕೆ ಪಟ್ಟಿಯನ್ನು ಕೀಸಿ, ನೀರಿನಲ್ಲಿ ನೆನೆಹಾಕಿ, ಬಾಗಿಸಿ, ಒಣಗಿಸಿ ಅಂಟಿಸಬೇಕು. ಅರ್ಧಕ್ಕಿಂತ ಕಿರಿದಾಗುವಂತಿದ್ದರೆ ಕೀಸುವುದನ್ನು ಬಿಟ್ಟು, ಪಟ್ಟಿಯೊಂದನ್ನು ನಡುವೆಯೇ ನಿಲ್ಲಿಸಿ ಪಕ್ಕದ್ದರಲ್ಲಿ ಅದಕ್ಕೆ ಕಚ್ಚು ಕೊಡುವುದು ಹಳೆಯ ಹಡಗುಗಟ್ಟಿಗರ ರೂಢಿ. ಇನ್ನೊಂದು ನಿಯಮವನ್ನು ಯಾರೂ ಮೀರಬಾರದು. ಎಡಬದಿಗೆ ಒಂದು ಪಟ್ಟಿ ಹಚ್ಚಿದರೆ ಮುಂದಿನದು ಬಲಬದಿಗೇ ಬರಬೇಕು. ಒಂದೇ ಬದಿಯನ್ನು ಪೂರ್ತಿ ಮುಚ್ಚಿ ಇನ್ನೊಂದಕ್ಕೆ ಬಂದರೆ ಬೆನ್ನೆಲುಬು ತಿರುಚಿಕೊಳ್ಳುತ್ತದೆ. ಆ ತಿರುಚನ್ನು ಆಮೇಲೆ ಯಾವ ಬಡಿಗೇರರೂ ತೆಗೆಯಲಾರರು. ಶಾಲೆಯಲ್ಲಿ ಎಡಕ್ಕೊಂದು, ಬಲಕ್ಕೊಂದು ತಂಡ ಮಾಡಿದರೆ ಒಂದು ತಂಡ ಇನ್ನೊಂದಕ್ಕೆ ಕಾಯಲೇಬೇಕಾಗುತ್ತದೆ. ಭಾಗಾಕಾರ, ಅನುಪಾತ, ಸಹಕಾರ ಮೂರನ್ನೂ ಒಟ್ಟಿಗೆ ಕೇಳುವ ಇಂಥ ಇನ್ನೊಂದು ಕೆಲಸ ನನಗಂತೂ ತಿಳಿದಿಲ್ಲ.

ಪ್ರಮಾಣದ ಪಾಠವೂ ಇಲ್ಲಿ ಕೈಗೆ ಸಿಗುತ್ತದೆ. 168 ಸೆಂ.ಮೀ. ಎತ್ತರದ ನಾವಿಕ 1:48ರ ಪ್ರಮಾಣದಲ್ಲಿ ಮೂರೂವರೆ ಸೆಂ.ಮೀ. ಆಗುತ್ತಾನೆ. ಆ ಎತ್ತರಕ್ಕೆ ರಟ್ಟಿನ ಮನುಷ್ಯನೊಬ್ಬನನ್ನು ಕತ್ತರಿಸಿ ಹಡಗಿನ ಅಟ್ಟದ ಮೇಲೆ ನಿಲ್ಲಿಸಿದರೆ, ಕಟಾಂಜನ ಅವನ ಸೊಂಟಕ್ಕೆ ಬರುತ್ತದೆಯೇ, ಒಳಕೋಣೆಯ ಬಾಗಿಲಲ್ಲಿ ಅವನು ಹಾಯಬಲ್ಲನೇ ಎಂಬುದನ್ನು ಮಗು ತಾನೇ ಕಂಡುಕೊಳ್ಳುತ್ತದೆ.

ತಿಂಗಳಿಗೊಂದು ಶನಿವಾರ ಇದಕ್ಕೆ ಸಾಕೇ ಎಂದು ಶಿಕ್ಷಕರು ಕೇಳುವುದು ನ್ಯಾಯ. ಹೊಸ ಹಂತವನ್ನು ಕಲಿಸಿ ಆರಂಭಿಸಲು ಶನಿವಾರ ಸಾಕು. ಮುಂದುವರಿಸಲು ಆಸಕ್ತ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕೋಣೆ ತೆರೆದಿಡಬೇಕು. ಮರದ ಕೆಲಸದಲ್ಲಿ ಬಿಡುವು ನಷ್ಟವಲ್ಲ. ಫೆವಿಕಾಲ್ ಒಣಗಲು, ನೆನೆಸಿದ ಪಟ್ಟಿ ಆರಲು, ಮೊದಲ ಕೈ ವಾರ್ನಿಶ್ ಗಟ್ಟಿಯಾಗಲು ಹೇಗೂ ಕಾಯಬೇಕು. ನಮ್ಮ ಹವೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲೇಬೇಕು. ಧಾರವಾಡದ ಜುಲೈ-ಆಗಸ್ಟ್‌ನ ಜಿಟಿಜಿಟಿ ಮಳೆಯಲ್ಲಿ ಕಟ್ಟಿಗೆ ತೇವ ಹೀರಿ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ. ಆಗ ಬಿಗಿಯಾಗಿ ಕೂಡಿಸಿದ ಪಟ್ಟಿಗಳು ಮಾರ್ಚ್‌ನ ಒಣ ಬಿಸಿಲಿಗೆ ಕುಗ್ಗಿ ಸಂದು ಬಿಡುತ್ತವೆ. ವಿದೇಶಿ ಕಿಟ್‌ನ ಕೈಪಿಡಿ ನಮ್ಮ ಮಳೆಗಾಲವನ್ನು ಕಂಡು ಬರೆದದ್ದಲ್ಲ. ಆದ್ದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ ನಕ್ಷೆ ಓದುವುದು, ಚೌಕಟ್ಟು ಕೂಡಿಸುವುದು, ಅಂಚು ಉಜ್ಜುವುದು. ಮಳೆ ಹಿಂದೆ ಸರಿದ ಮೇಲೆ, ದಸರಾ ರಜೆ ಮುಗಿಸಿ ಬಂದು ಪಟ್ಟಿ ಹಚ್ಚುವುದು. ಚಳಿಗಾಲದಲ್ಲಿ ಅಟ್ಟ, ಕೂವೆ, ಹಗ್ಗಗಳು. ಹೀಗೆ ಮಾಡಿದರೆ ಪರೀಕ್ಷೆಯ ಗಡಿಬಿಡಿಗೆ ಮೊದಲೇ ಕೆಲಸ ಮುಗಿಯುತ್ತದೆ. ಒಡಲು ಮುಗಿದ ಕೂಡಲೇ ಹೊರಗೂ, ಕೈ ಹೋಗುವಷ್ಟು ಒಳಗೂ ವಾರ್ನಿಶ್ ಬಳಿದರೆ ತೇವದ ಕಾಟ ಬಹಳಷ್ಟು ತಗ್ಗುತ್ತದೆ.

ಹಗ್ಗಗಳ ವಿಷಯದಲ್ಲಿ ಒಂದೆರಡು ಮಾತು ಸಾಕು. ಕೂವೆಯನ್ನು ನೆಟ್ಟಗೆ ಹಿಡಿದಿಡುವ ಹಗ್ಗಗಳು ಬೇರೆ, ಹಾಯಿಯನ್ನು ಏರಿಸಿ ತಿರುಗಿಸುವ ಹಗ್ಗಗಳು ಬೇರೆ. ಮೊದಲಿನವಕ್ಕೆ ನಿಜವಾದ ಹಡಗಿನಲ್ಲಿ ಡಾಂಬರು ಹಚ್ಚುತ್ತಿದ್ದುದರಿಂದ ಮಾದರಿಯಲ್ಲೂ ಅವು ಕಪ್ಪಾಗಿರಬೇಕು, ಎರಡನೆಯವು ನಾರಿನ ಬಣ್ಣದವು. ದಾರವನ್ನು ಜೇನುಮೇಣದ ಮೇಲೆ ಎಳೆದರೆ ಎಳೆ ಬಿಡುವುದಿಲ್ಲ, ತೇವಕ್ಕೆ ಸಡಿಲಾಗುವುದೂ ಕಡಿಮೆ. ನಾವಿಕರು ಹತ್ತಲು ಬಳಸುತ್ತಿದ್ದ ಹಗ್ಗದ ಮೆಟ್ಟಿಲುಗಳ ಗಂಟುಗಳನ್ನು ತುಸು ಸಡಿಲವಾಗಿಯೇ ಹಾಕಬೇಕು. ಬಿಗಿದರೆ ಪಕ್ಕದ ಹಗ್ಗಗಳು ಒಳಕ್ಕೆ ಸೆಳೆದುಕೊಂಡು ಇಡೀ ಹಡಗಿನ ಅಂದ ಕೆಡುತ್ತದೆ.

‘ಸಮುದ್ರವಿಲ್ಲದ ಊರಿನ ಮಕ್ಕಳಿಗೆ ಹಡಗೇಕೆ’ ಎಂದು ಕೇಳುವವರಿದ್ದಾರೆ. ಅವರು ಧಾರವಾಡದ ಪಕ್ಕದ ನರೇಂದ್ರ ಗ್ರಾಮದ ಶಾಸನವನ್ನು ನೆನೆಯಬೇಕು. ಹನ್ನೆರಡನೆಯ ಶತಮಾನದ ಆ ಶಾಸನ ಗೋವೆಯ ಕದಂಬರ ಚಟ್ಟಯದೇವನನ್ನು ಕೊಂಡಾಡುತ್ತ, ಅವನು ಹಡಗುಗಳ ಸಾಲಿನಿಂದ ಲಂಕೆಯವರೆಗೆ ಸೇತುವೆ ಕಟ್ಟಿದನೆಂದು ಹೇಳುತ್ತದೆ. ಹೊಗಳಿಕೆಯ ಮಾತೇ ಇರಬಹುದು. ಆದರೂ ಹಡಗಿನ ಬಲವನ್ನು ಮೆರೆಸುವ ಆ ಬರಹವನ್ನು ಕಲ್ಲಿಗೆ ಕೊರೆದು ನಿಲ್ಲಿಸಿದ್ದು ಕಡಲ ದಂಡೆಯಲ್ಲಲ್ಲ, ನಮ್ಮ ಎರೆಭೂಮಿಯ ಅಂಚಿನಲ್ಲಿ. ಇಮ್ಮಡಿ ಪುಲಿಕೇಶಿಯ ಕಾಲದ, 634ರ ಐಹೊಳೆಯ ಶಾಸನವೂ ಪುರಿಯೆಂಬ ಪಟ್ಟಣವನ್ನು ಮುತ್ತಿದ ನೂರಾರು ಹಡಗುಗಳನ್ನು ಮದಗಜಗಳಿಗೆ ಹೋಲಿಸಿದೆ.

ಹಳೆಯ ಕಾಲವೇಕೆ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದರೆ ಅರ್ಧ ದಿನದೊಳಗೆ ಸಿಗುವ ಕಾರವಾರದಲ್ಲಿಯೇ 2025ರ ಮೇ 21ರಂದು ‘ಕೌಂಡಿನ್ಯ’ ಎಂಬ ಹಾಯಿಹಡಗು ನೌಕಾಪಡೆಗೆ ಸೇರಿತು. ಅಜಂತಾದ ಐದನೆಯ ಶತಮಾನದ ಚಿತ್ರವೊಂದನ್ನು ಆಧರಿಸಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು ಅದು. ಅಂಥ ಹಡಗಿನ ನಕ್ಷೆಯೆಂಬುದು ಎಲ್ಲಿಯೂ ಉಳಿದಿರಲಿಲ್ಲ. ಹಾಗಾಗಿ ಐಐಟಿ ಮದ್ರಾಸ್‌ನಲ್ಲಿ ಅದರ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಲಾಯಿತು. ಅದರ ಹಾಯಿಗಳ ಮೇಲೆ ಸೂರ್ಯನ ಜೊತೆಗೆ ಗಂಡಭೇರುಂಡವಿದೆ ಎಂಬುದು ಕನ್ನಡಿಗರಿಗೆ ವಿಶೇಷ ಸಂತೋಷದ ಸಂಗತಿ. 2025ರ ಡಿಸೆಂಬರ್ 29ರಂದು ಅದು ಪೋರಬಂದರಿನಿಂದ ಮಸ್ಕತ್‌ನತ್ತ ಹೊರಟಿತು. ಈ ಸುದ್ದಿ ಓದುವ ಮಗುವಿಗೆ ಪಟ್ಟಿ ಬಾಗಿಸಿ ಗೊತ್ತಿದ್ದರೆ, ಹಲಗೆಗೆ ಹಲಗೆ ಹೊಲಿಯುವುದೆಂದರೆ ಎಂಥ ಕೆಲಸವೆಂದು ತಾನಾಗಿಯೇ ಅರಿವಾಗುತ್ತದೆ.

ಮಕ್ಕಳಿಗೆ ಹೇಳಬೇಕಾದ ಇನ್ನೊಂದು ಹಡಗು ‘ಟ್ರಿಂಕೋಮಲಿ’. ಬ್ರಿಟನ್ನಿನಲ್ಲಿ ಓಕ್ ಮರದ ಕೊರತೆಯಾದಾಗ ಮುಂಬೈಯ ವಾಡಿಯಾ ಮನೆತನದವರು ಮಲಬಾರಿನ ಸಾಗವಾನಿಯಲ್ಲಿ ಕಟ್ಟಿಕೊಟ್ಟ ಯುದ್ಧನೌಕೆ ಅದು. ಮೊದಲು ಕಳುಹಿಸಿದ ನಕ್ಷೆಗಳು ‘ಜಾವಾ’ ಎಂಬ ನೌಕೆಯಲ್ಲಿ ಬರುತ್ತಿದ್ದವು. 1812ರಲ್ಲಿ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ಆ ನೌಕೆಯನ್ನು ಸೋಲಿಸಿದಾಗ ನಕ್ಷೆಗಳೂ ಹೋದವು. ಮತ್ತೆ ನಕ್ಷೆ ತರಿಸಿಕೊಂಡು 1816ರಲ್ಲಿ ಆರಂಭಿಸಿದ ಹಡಗು 1817ರ ಅಕ್ಟೋಬರ್‌ನಲ್ಲಿ ನೀರಿಗಿಳಿಯಿತು. ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಅದು ಇಂದಿಗೂ ತೇಲುತ್ತಿದೆ. ಮುಂಬೈಯಲ್ಲಿಯೇ 1813ರಲ್ಲಿ ಕಟ್ಟಿದ ‘ಕಾರ್ನ್‌ವಾಲಿಸ್’ ಹಡಗಿನ ಮೇಲೆ 1842ರ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿತ್ತು. ಇತಿಹಾಸದ ತರಗತಿಯಲ್ಲಿ ಈ ಹೆಸರುಗಳು ಬಂದಾಗ ಮೇಜಿನ ಮೇಲೆ ಅರೆ ಕಟ್ಟಿದ ಒಡಲೊಂದು ಇರಲಿ ಎಂಬುದು ನನ್ನ ಆಸೆ.

ಆದರೆ ಮೊದಲ ಹಡಗಾಗಿ ಮೂರು ಕೂವೆಯ ಯುದ್ಧನೌಕೆಯನ್ನು ಯಾರೂ ಆರಿಸಬಾರದು. ಪೆಟ್ಟಿಗೆಯ ಮೇಲಿನ ಚಿತ್ರ ಎಷ್ಟು ಸೊಗಸಾಗಿದ್ದರೂ ಸರಿ, ನೂರಾರು ರಾಟೆಗಳೂ ಸಾಲು ಸಾಲು ತೋಪುಗಳೂ ಹೊಸಬರನ್ನು ನಡುದಾರಿಯಲ್ಲೇ ಕೈಬಿಡಿಸುತ್ತವೆ. ಅಟ್ಲಾಂಟಿಕ್‌ನಲ್ಲಿ ಕಾಡ್ ಮೀನು ಹಿಡಿಯುತ್ತಿದ್ದವರ ಡೋರಿಯಂಥ ಚಪ್ಪಟೆ ತಳದ ದೋಣಿಯಿಂದ ಆರಂಭಿಸುವುದು ಲೇಸು. ಅದಕ್ಕೆ ಬದಿಗೆ ಕೆಲವೇ ಅಗಲ ಹಲಗೆಗಳು. 20 ಅಡಿಯ ದೋಣಿ 1:24ರಲ್ಲಿ 10 ಇಂಚಾಗಿ ಬೆಂಚಿನ ಮೇಲೆ ಕೂರುತ್ತದೆ. ಅದು ಕೈಹಿಡಿದ ಮೇಲೆ ಮುಂದಿನ ವರ್ಷ ಒಂದು ಅಥವಾ ಎರಡು ಕೂವೆಯ, ಉದ್ದಹಾಯಿಯ (ಹಡಗಿನ ಉದ್ದಕ್ಕೆ ಹಾಯಿ ಚಾಚಿರುವ) ಹಡಗು. ಹಡಗಿಗೆ ಅಡ್ಡಲಾಗಿ ಹಾಯಿ ಕಟ್ಟುವ ಅಡ್ಡಹಾಯಿಯ ಹಡಗಿಗಿಂತ ಇದರಲ್ಲಿ ಹಗ್ಗಗಳ ಸಂಖ್ಯೆ ಬಹಳ ಕಡಿಮೆ.

ಹೊರದೇಶದ ಕಿಟ್‌ಗೆ ಸಾಗಣೆ, ಸುಂಕ ಸೇರಿದರೆ ಸರ್ಕಾರಿ ಶಾಲೆಗೆ ಎಟುಕದ ಬೆಲೆಯಾಗುತ್ತದೆಂಬುದು ನಿಜ. ಕಿಟ್ ಇಲ್ಲಿಯೇ ಏಕಾಗಬಾರದು? ಪ್ಲೈವುಡ್ ಚೌಕಟ್ಟುಗಳನ್ನು ಕತ್ತರಿಸಬಲ್ಲ ಲೇಸರ್ ಯಂತ್ರಗಳು ಹುಬ್ಬಳ್ಳಿಯಲ್ಲಿವೆ. ಪಟ್ಟಿಗಳಿಗೆ ಸಾಗವಾನಿ ಬೇಡ. ಅದರ ಎಳೆ ದಪ್ಪವಾದ್ದರಿಂದ ಚಿಕ್ಕ ಹಡಗಿನ ಮೇಲೆ ಒರಟಾಗಿ ಕಾಣುತ್ತದೆ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರದ ಬಿಳಿಯ ನಯವಾದ ಕಟ್ಟಿಗೆ ಇದಕ್ಕೆ ಒಳ್ಳೆಯದು. ತೆಳ್ಳಗೆ ಸೀಳಿಕೊಡುವ ಸಾ ಮಿಲ್ಲುಗಳೂ, ಒಂದು ಗೆರೆ ಆಚೀಚೆ ಆಗದಂತೆ ಕೀಸುವ ಬಡಿಗೇರರೂ ಗದಗ, ಹಾವೇರಿಗಳಲ್ಲಿದ್ದಾರೆ. ಅವರನ್ನು ಶಾಲೆಗೆ ಕರೆದು, ತಕ್ಕ ಗೌರವಧನ ಕೊಟ್ಟು, ಗುರುಗಳ ಪಕ್ಕದಲ್ಲಿ ನಿಲ್ಲಿಸಬೇಕು. ಹಾಯಿಗೆ ತೆಳುವಾದ ಮಲ್ಲು ಬಟ್ಟೆ ಸಾಕು. ಪಟ್ಟಿ ಹಿಡಿದಿಡಲು ಬಟ್ಟೆ ಒಣಹಾಕುವ ಕ್ಲಿಪ್ಪುಗಳು ಸಾಕು. ಚಾಕು ಬಳಸುವ ಕೆಲಸ ಏಳನೇ ತರಗತಿ ದಾಟಿದವರಿಗೆ ಮಾತ್ರ, ಅದೂ ದೊಡ್ಡವರ ಎದುರಿನಲ್ಲಿ. ಕ್ಷಣದಲ್ಲಿ ಹಿಡಿಯುವ ಸೂಪರ್ ಅಂಟು ಶಾಲೆಗೆ ಬೇಡವೇ ಬೇಡ.

ಶಾಲಾ ಶಿಕ್ಷಣ ಇಲಾಖೆಯ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಉಪನಿರ್ದೇಶಕರು ತಾಲ್ಲೂಕಿಗೊಂದು ಶಾಲೆಯನ್ನಾದರೂ ಆರಿಸಿ ಬರುವ ಜೂನ್‌ನಲ್ಲಿ ಇದನ್ನು ಆರಂಭಿಸಬೇಕೆಂದು ವಿನಂತಿಸುತ್ತೇನೆ. ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿರುವ ಧಾರವಾಡ ಪ್ರಾದೇಶಿಕ ವಿಜ್ಞಾನ ಕೇಂದ್ರವು ಏಪ್ರಿಲ್-ಮೇ ರಜೆಯಲ್ಲಿ ಶಿಕ್ಷಕರಿಗೊಂದು ಕಮ್ಮಟ ನಡೆಸಿ, ಅವರು ತಾವೇ ಒಂದು ಡೋರಿಯನ್ನು ಕಟ್ಟಿ ನೋಡುವಂತೆ ಮಾಡಿದರೆ ಕೆಲಸ ಸುಲಭವಾಗುತ್ತದೆ. ಕಮ್ಮಟಕ್ಕೆ ಬೇಕಾದ ಚೌಕಟ್ಟಿನ ನಕ್ಷೆ ಬರೆದುಕೊಡಲು, ಕರೆದ ಶಾಲೆಗೆ ಬಂದು ಮೊದಲ ಪಟ್ಟಿ ಬಾಗಿಸಿ ತೋರಿಸಲು ನಾನು ಸಿದ್ಧನಿದ್ದೇನೆ. ನನ್ನಂತೆಯೇ ಐಟಿಐಗಳಿಂದ ನಿವೃತ್ತರಾದ ಬೋಧಕರು ಮೂರೂ ಜಿಲ್ಲೆಗಳಲ್ಲಿದ್ದಾರೆ, ಇಲಾಖೆ ಕೇಳಿದರೆ ಅವರೂ ಬಂದಾರು. ಚೌಕಟ್ಟುಗಳನ್ನು ಮೇ ತಿಂಗಳಲ್ಲೇ ಕತ್ತರಿಸಿಟ್ಟುಕೊಂಡರೆ ಜೂನ್‌ನ ಮೊದಲ ಸಂಭ್ರಮ ಶನಿವಾರವೇ ಕೆಲಸ ತೊಡಗಬಹುದು.

ಇಂತಿ,
ನಿವೃತ್ತ ಐಟಿಐ ಬೋಧಕ
ಸಪ್ತಾಪುರ, ಧಾರವಾಡ